ಕಂಪೆನಿಯ ಬಸ್ಸು ಹೋದ ಮೇಲೆ

ಕಳೆದ ವರ್ಷದ ಒಂದು ಶನಿವಾರ. ನಮ್ಮ ಜಿಲ್ಲೆಯ ಹಳ್ಳಿಯೊಂದರ ಸರಕಾರಿ ಶಾಲೆ. ಬೆಳಗ್ಗೆ ಹತ್ತರ ಹೊತ್ತಿಗೆ ಕಂಪೆನಿಯೊಂದರ ಬಸ್ಸು ಬಂದು ನಿಂತಿತು. ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಮೂವತ್ತು ನಲ್ವತ್ತು ಮಂದಿ ಉದ್ಯೋಗಿಗಳು ಇಳಿದರು. ಊರಿನ ಹಿರಿಯರು, ಎಸ್‌ಡಿಎಂಸಿಯವರು ಹೂ ಕೊಟ್ಟು ಬರಮಾಡಿಕೊಂಡರು. ಬಂದವರು ಗೋಡೆಗೆ ಬಣ್ಣ ಬಳಿದರು, ಅಂಗಳದಲ್ಲಿ ಗಿಡ ನೆಟ್ಟರು, ಮಕ್ಕಳಿಗೆ ಬ್ಯಾಗ್ ಮತ್ತು ಕೊಡೆ ಹಂಚಿದರು. ಸಭಾ ಕಾರ್ಯಕ್ರಮ ಆಯಿತು, ಶಾಲು ಆಯಿತು, ಊಟ ಆಯಿತು, ಫೋಟೋ ಆಯಿತು. ನಾಲ್ಕು ಗಂಟೆಗೆ ಬಸ್ಸು ಹೊರಟೇ ಹೋಯಿತು.

ಕುರ್ಚಿ ಜೋಡಿಸಲಿಕ್ಕೆ, ಊಟ ಬಡಿಸಲಿಕ್ಕೆ ಹತ್ತಿರದ ಪಿಯು ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಕರೆಸಿದ್ದರು. ಅವರಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಒಬ್ಬಳು ಹುಡುಗಿ ಬಂದು ಕೇಳಿದಳು: ‘ಸರ್, ಇವರು ಇನ್ನು ಯಾವಾಗ ಬರ್ತಾರೆ? ನನಗೆ ಒಂದು ವಿಷಯ ಕೇಳ್ಲಿಕ್ಕೆ ಇತ್ತು.’

ಅಲ್ಲಿದ್ದ ಯಾರಲ್ಲೂ ಉತ್ತರ ಇರಲಿಲ್ಲ. ನಮ್ಮಲ್ಲೂ ಇರಲಿಲ್ಲ. ಇಡೀ ದಿನ ಅವಳು ಓದುತ್ತಿರುವ ವಿಷಯದಲ್ಲೇ ಕೆಲಸ ಮಾಡುವ ನಲ್ವತ್ತು ಮಂದಿ ಅವಳ ಕಣ್ಣೆದುರು ಇದ್ದರು. ಅವಳು ಅವರಿಗೆ ಸಾರು ಬಡಿಸಿದಳು. ಮಾತಾಡಲಿಕ್ಕೆ ಮಾತ್ರ ಅವಕಾಶ ಸಿಗಲಿಲ್ಲ. ಈ ವಾರ ನಾವು ಬರೆಯುತ್ತಿರುವುದು ಆ ಹುಡುಗಿಯ ಪ್ರಶ್ನೆಯ ಬಗ್ಗೆ.

ಬಂದವರನ್ನು ಹಳಿಯುವ ಉದ್ದೇಶ ನಮಗಿಲ್ಲ. ರಜೆಯ ದಿನ ಮನೆಯಲ್ಲಿ ಕುಳಿತುಕೊಳ್ಳದೆ ಬಿಸಿಲಲ್ಲಿ ಬಂದು ಗೋಡೆಗೆ ಬಣ್ಣ ಬಳಿದ ಮಕ್ಕಳು ಅವರು. ಅವರ ಮನಸ್ಸು ಒಳ್ಳೆಯದೇ. ಆದರೆ ಒಳ್ಳೆಯ ಮನಸ್ಸು ಒಂದು ಗೋಡೆಯಲ್ಲೇ ಮುಗಿದುಹೋಗುವುದಕ್ಕೆ ಯಾರು ಕಾರಣ ಅಂತ ಕೇಳಿಕೊಂಡರೆ ಬೆರಳು ಅರ್ಧ ಕಂಪೆನಿಯ ಕಡೆಗೆ, ಇನ್ನರ್ಧ ನಮ್ಮ ಕಡೆಗೇ ತಿರುಗುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡುವ. 2013ರ ಕಂಪೆನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಆ ಕಂಪೆನಿಗೆ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ನಾವೆಲ್ಲ ಸಿಎಸ್‌ಆರ್ ಅನ್ನುವ ನಿಯಮ ಅನ್ವಯಿಸುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಅದು ಸಮಾಜಕ್ಕಾಗಿ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಊರಿಗೆ ಮತ್ತು ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಅದೇ ಕಲಮಿನಲ್ಲಿ ಇದೆ. ಪಣಂಬೂರು, ಬೈಕಂಪಾಡಿ, ಕೊಟ್ಟಾರ, ಮುಡಿಪು ಕಡೆ ಇರುವ ನಮಗೆ ಈ ಒಂದು ವಾಕ್ಯ ಗೊತ್ತಿರಲೇಬೇಕು.

ಇನ್ನೊಂದು ಮಾತು ಹೆಚ್ಚಿನವರಿಗೆ ತಿಳಿದಿಲ್ಲ. 2014ರ ಜೂನ್‌ನಲ್ಲಿ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಹೊರಡಿಸಿದ ಸುತ್ತೋಲೆಯಲ್ಲಿ, ಮ್ಯಾರಥಾನ್, ಪ್ರಶಸ್ತಿ, ಜಾಹೀರಾತು, ಟಿ.ವಿ. ಕಾರ್ಯಕ್ರಮದ ಪ್ರಾಯೋಜಕತ್ವದಂತಹ ಒಂದು ಸಲದ ಕಾರ್ಯಕ್ರಮಗಳು ಸಿಎಸ್‌ಆರ್ ಖರ್ಚಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತ್ತು. ಕೆಲಸ ಯೋಜನೆಯ ರೂಪದಲ್ಲಿರಬೇಕು ಎನ್ನುವುದು ಕಾನೂನಿನ ಆಶಯ. ಶುರುವಾದ ವರ್ಷವನ್ನು ಬಿಟ್ಟು ಮತ್ತೂ ಮೂರು ವರ್ಷ ನಡೆಯುವ ಯೋಜನೆಗೆ ನಿಯಮದಲ್ಲೇ ಜಾಗ ಉಂಟು. ವರ್ಷಗಟ್ಟಲೆಯ ಕೆಲಸ ಬೇಕು ಅಂತ ಕೇಳಿದರೆ ನಾವು ಕಾನೂನಿನಲ್ಲಿ ಇಲ್ಲದ್ದನ್ನೇನೂ ಕೇಳಿದ ಹಾಗಾಗುವುದಿಲ್ಲ.

ಹಣದ ವಿಷಯ ಇಷ್ಟಾಯಿತು. ಉದ್ಯೋಗಿಗಳ ಸಮಯ ಬೇರೆಯೇ ವಿಷಯ. ಕಂಪೆನಿಯ ಹಣ ಬೇಕಾದರೆ ಸಂಸ್ಥೆಗೆ ನೂರೆಂಟು ದಾಖಲೆ ಬೇಕು. ಟ್ರಸ್ಟ್ ಅಥವಾ ಸೊಸೈಟಿಯಾಗಿ ನೋಂದಣಿ, ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿ, ಮೂರು ವರ್ಷ ಅಂತಹದ್ದೇ ಕೆಲಸ ಮಾಡಿದ ಅನುಭವ, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ಹೆಸರು ದಾಖಲು. ನಮ್ಮ ಎಷ್ಟು ಯುವಕ ಸಂಘಗಳಲ್ಲಿ ಇದೆಲ್ಲ ಇದೆ? ಆದರೆ ಒಬ್ಬ ಎಂಜಿನಿಯರ್ ತಿಂಗಳಿಗೆ ಎರಡು ಶನಿವಾರ ನಮ್ಮ ಮಕ್ಕಳ ಜೊತೆ ಕುಳಿತುಕೊಳ್ಳಲಿಕ್ಕೆ 80ಜಿ ಬೇಡ. ಆತನ ಕಂಪೆನಿಯ ಒಪ್ಪಿಗೆ ಬೇಕು, ನಮ್ಮ ಕಡೆಯಿಂದ ಒಂದು ಸರಿಯಾದ ಕೆಲಸ ಮತ್ತು ಒಬ್ಬ ಜವಾಬ್ದಾರಿಯ ಮನುಷ್ಯ ಬೇಕು. ಇಷ್ಟೇ.

ಇದು ಆಗುವ ಮಾತು ಅನ್ನುವುದಕ್ಕೆ ಉದಾಹರಣೆ ಇದೆ. ಟಾಟಾ ಸಮೂಹ 2014ರಲ್ಲಿ ಆರಂಭಿಸಿದ ‘ಟಾಟಾ ಎಂಗೇಜ್’ ಕಾರ್ಯಕ್ರಮದಡಿ ‘ಪ್ರೊಎಂಗೇಜ್’ ಎಂಬ ವಿಭಾಗ ಇದೆ. ಅದರಲ್ಲಿ ಉದ್ಯೋಗಿಗಳು ತಮ್ಮ ವೃತ್ತಿಯ ಕೌಶಲವನ್ನೇ ಸ್ವಯಂಸೇವಾ ಸಂಸ್ಥೆಗಳಿಗೆ ಬಿಡುವಿನ ವೇಳೆಯಲ್ಲಿ ಕೆಲವು ತಿಂಗಳುಗಳ ಕಾಲ ಕೊಡುತ್ತಾರೆ. ಲೆಕ್ಕ ಬಲ್ಲವನು ಲೆಕ್ಕ ಬರೆಯುವುದನ್ನು ಸರಿಮಾಡಿ ಕೊಡುತ್ತಾನೆ, ಸಾಫ್ಟ್‌ವೇರ್ ಬಲ್ಲವಳು ಅದನ್ನೇ ಕಲಿಸುತ್ತಾಳೆ. ಗೋಡೆಗೆ ಬಣ್ಣ ಬಳಿಯಲಿಕ್ಕೆ ನಮ್ಮ ಊರಲ್ಲೇ ಪೈಂಟರ್‌ಗಳಿದ್ದಾರೆ ಮಾರಾಯ್ರೆ, ಅವರಿಗೂ ಒಂದು ದಿನದ ಕೂಲಿ ಸಿಗಲಿ. ಎಂಜಿನಿಯರ್‌ನಿಂದ ಎಂಜಿನಿಯರ್‌ನ ಕೆಲಸವನ್ನೇ ಕೇಳುವ.

ಇನ್ನು ನಮ್ಮ ವಿದ್ಯಾರ್ಥಿಗಳ ಪಾತ್ರ. ಕಂಪೆನಿಯ ಉದ್ಯೋಗಿಗಳಲ್ಲಿ ಹಲವರು ಹೊರಗಿನವರು. ಅವರಿಗೆ ತುಳು ಬಾರದು, ಬ್ಯಾರಿ ಬಾರದು, ಕೆಲವರಿಗೆ ಕನ್ನಡವೂ ಅಷ್ಟಕ್ಕಷ್ಟೆ. ಯಾವ ಮನೆಯ ಬಾವಿ ಎಲ್ಲುಂಟು, ಯಾವ ಮನೆಯ ಮಗು ಶಾಲೆ ಬಿಟ್ಟಿತು, ಯಾವ ತಾಯಿಗೆ ಬ್ಯಾಂಕಿನ ಮೆಟ್ಟಿಲು ಹತ್ತಲಿಕ್ಕೆ ಹೆದರಿಕೆ, ಇದೆಲ್ಲ ಅವರಿಗೆ ತಿಳಿಯುವುದು ಹೇಗೆ? ತಿಳಿದಿರುವುದು ಅದೇ ಊರಿನ ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರಿಗೆ. ಅವರು ಬಾಗಿಲು ತಟ್ಟಿದರೆ ‘ಬಾ ಮೋನೆ’ ಅಂತ ಒಳಗೆ ಕರೆಯುತ್ತಾರೆ. ಬಸ್ಸು ಹೋದ ಮೇಲೂ ಅವರು ಇಲ್ಲೇ ಇರುತ್ತಾರೆ.

ಅವರಿಗೆ ಸಮಯವೂ ಉಂಟು, ಅದೂ ಲೆಕ್ಕಕ್ಕೆ ಸಿಗುವ ಸಮಯ. ಗಾಂಧೀಜಿ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಎನ್ನೆಸ್ಸೆಸ್ ಸೇರಿದ ಪ್ರತಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಹುಲ್ಲು ಕೀಳುವುದು, ಕಸ ಹೆಕ್ಕುವುದು, ಜಾಥಾ ಹೋಗುವುದು, ಇದರಲ್ಲೇ ಎಷ್ಟೋ ಗಂಟೆ ಮುಗಿದುಹೋಗುತ್ತದೆ. ಐವತ್ತು ಮಂದಿಯ ಒಂದು ತಂಡ ಅಂದರೆ ವರ್ಷಕ್ಕೆ 6,000 ಗಂಟೆ. ಆ ಗಂಟೆಗಳಿಗೆ ಕಂಪೆನಿಯ ಹತ್ತು ಮಂದಿ ನುರಿತವರು ಜೊತೆಯಾದರೆ ಒಂದು ಗ್ರಾಮ ಪಂಚಾಯತ್‌ನ ಚಿತ್ರಣವೇ ಬದಲಾದೀತು.

ಪಕ್ಕದ ಕೇರಳದಲ್ಲಿ ಎನ್ನೆಸ್ಸೆಸ್‌ನ ತಾಂತ್ರಿಕ ಘಟಕದ ವಿದ್ಯಾರ್ಥಿಗಳು ‘ಪುನರ್ಜನಿ’ ಎಂಬ ಕಾರ್ಯಕ್ರಮ ನಡೆಸುತ್ತಾರೆ. ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಸರಕಾರಿ ಆಸ್ಪತ್ರೆಗಳಿಗೆ ಹೋಗಿ ಮೂಲೆ ಸೇರಿದ ಮಂಚ, ಗಾಲಿಕುರ್ಚಿ, ಉಪಕರಣಗಳನ್ನು ರಿಪೇರಿ ಮಾಡಿ ಮತ್ತೆ ಬಳಕೆಗೆ ತರುತ್ತಾರೆ. ಪುಸ್ತಕದಲ್ಲಿ ಓದಿದ್ದು ಕೈಗೆ ಹತ್ತಿತು, ಬಡ ರೋಗಿಗೆ ಮಂಚ ಸಿಕ್ಕಿತು. ಯಾರೂ ಯಾರಿಗೂ ಉಪಕಾರ ಮಾಡಿದ್ದೇವೆ ಅಂತ ಬೀಗುವ ಪ್ರಮೇಯ ಅಲ್ಲಿಲ್ಲ.

ಅದೇ ಕೇರಳದ ಇನ್ನೊಂದು ನೆನಪು. 1991ರ ಏಪ್ರಿಲ್ 18ರಂದು ಕೋಝಿಕ್ಕೋಡ್‌ನ ಮಾನಾಂಚಿರ ಮೈದಾನದಲ್ಲಿ ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಎಂದು ಘೋಷಿಸಿದ್ದು ಮಂತ್ರಿಯಲ್ಲ, ಆಗಷ್ಟೇ ಅಕ್ಷರ ಕಲಿತಿದ್ದ ಮಲಪ್ಪುರಂ ಜಿಲ್ಲೆಯ ಮುಸ್ಲಿಂ ಮಹಿಳೆ ಚೇಲಕ್ಕೋಡನ್ ಆಯಿಷಾ. ಆ ಘೋಷಣೆಯ ಹಿಂದೆ ಊರೂರಿನ ವಿದ್ಯಾರ್ಥಿಗಳು, ಯುವಕ ಯುವತಿಯರು ತಿಂಗಳುಗಟ್ಟಲೆ ಪಾಠ ಹೇಳಿದ ದುಡಿಮೆ ಇತ್ತು. ಒಂದು ಶನಿವಾರ ಬಂದು ಸ್ಲೇಟು ಹಂಚಿ ಹೋಗಿದ್ದರೆ ಆಯಿಷಾ ಆ ವೇದಿಕೆ ಹತ್ತುತ್ತಿರಲಿಲ್ಲ.

ಹಾಗಾದರೆ ನಮ್ಮ ಊರುಗಳಲ್ಲಿ ಎಂತ ಮಾಡಬಹುದು? ಮೂರು ಕೆಲಸಗಳನ್ನು ಮುಂದಿಡುತ್ತೇವೆ. ಮೂರಕ್ಕೂ ದೊಡ್ಡ ಹಣ ಬೇಡ.

ಮೊದಲನೆಯದು ಹೆಸರು ಸರಿಮಾಡುವ ಕೆಲಸ. ನಮ್ಮ ಮಕ್ಕಳಿಗೆ ವಿದ್ಯಾರ್ಥಿವೇತನ ಕೈತಪ್ಪುವುದಕ್ಕೆ ಅಂಕ ಕಡಿಮೆ ಇರುವುದು ಮಾತ್ರ ಕಾರಣವಲ್ಲ. ಮುಹಮ್ಮದ್ ಎಂಬ ಒಂದೇ ಹೆಸರು ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಶಾಲೆಯ ದಾಖಲೆಯಲ್ಲಿ ಮೂರನೆಯ ರೀತಿ, ಪಾಸ್‌ಬುಕ್‌ನಲ್ಲಿ ನಾಲ್ಕನೆಯ ರೀತಿ. ತಂದೆಯ ಹೆಸರಿನ ಮುಂದಿನ ಇನಿಶಿಯಲ್ ಒಂದರಲ್ಲಿ ಉಂಟು, ಒಂದರಲ್ಲಿ ಇಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಅರ್ಜಿಯ ಕೊನೆಯ ದಿನ ಸೈಬರ್ ಸೆಂಟರ್‌ನಲ್ಲಿ ಕ್ಯೂ ನಿಂತ ಉಮ್ಮನಿಗೆ ‘ಸರ್ವರ್ ಡೌನ್’ ಎಂಬ ಉತ್ತರ. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ಒಂದು ಅಕ್ಷರದ ವ್ಯತ್ಯಾಸದಿಂದ ಅದು ತಪ್ಪಿದರೆ ಬೀಡಿ ಕಟ್ಟುವ ತಾಯಿಗೆ ಅದು ಸಣ್ಣ ನಷ್ಟವೇ? ಶಾಲೆ ಶುರುವಾದ ಮೊದಲ ಎರಡು ತಿಂಗಳಲ್ಲೇ ಕಾಲೇಜು ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ನಾಲ್ಕು ದಾಖಲೆಗಳನ್ನು ಒಟ್ಟಿಗಿಟ್ಟು ನೋಡಲಿ. ಕಂಪೆನಿಯಲ್ಲಿ ದಿನವೂ ಇದೇ ರೀತಿಯ ಮಾಹಿತಿ ತಾಳೆ ನೋಡುವ ಉದ್ಯೋಗಿಗಳು ಅವರಿಗೆ ಪಟ್ಟಿ ಮಾಡುವ ಕ್ರಮ ಕಲಿಸಲಿ, ಮನೆಯವರ ದಾಖಲೆಗಳನ್ನು ಜೋಪಾನವಾಗಿ ಇಡುವುದು ಹೇಗೆ ಅಂತಲೂ ಕಲಿಸಲಿ.

ಎರಡನೆಯದು ಬಾವಿ. ನಮ್ಮ ಜಿಲ್ಲೆಯಲ್ಲಿ ಬಾವಿ ಇಲ್ಲದ ಕೇರಿ ಇಲ್ಲ. ಹೊಳೆ ಬದಿಯ, ಕಡಲ ಬದಿಯ ಕೆಲವು ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುತ್ತದೆ. ಒತ್ತೊತ್ತಾಗಿ ಮನೆಗಳಿರುವ ಕಡೆ ಶೌಚಗುಂಡಿ ಬಾವಿಯ ಹತ್ತಿರವೇ ಇರುತ್ತದೆ. 2019ರ ಬೇಸಿಗೆಯಲ್ಲಿ ತುಂಬೆಯ ನೀರು ಇಳಿದು ಮಂಗಳೂರಿನಲ್ಲಿ ಸರದಿಯಂತೆ ನೀರು ಬಿಡಬೇಕಾಗಿ ಬಂದದ್ದನ್ನು ಯಾರೂ ಮರೆತಿರಲಿಕ್ಕಿಲ್ಲ. ವಿಜ್ಞಾನ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಹಗ್ಗ ಇಳಿಸಿ ನೀರಿನ ಮಟ್ಟ ಅಳೆಯಬಹುದು. ಎಚ್2ಎಸ್ ಬಾಟಲಿ ಅಂತ ಇದೆ, ಅದರಲ್ಲಿ ಬಾವಿ ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ನೀರು ಕಪ್ಪಾದರೆ ಮಲಿನ ಸೇರಿರುವ ಸೂಚನೆ. ಅಂತಹ ನೀರನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಅಲ್ಲಿಯವರೆಗೆ ಕುದಿಸದೆ ಕುಡಿಯಬಾರದು. ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂಬ ಕ್ರಮವೂ ಇದೆ. ಅವರ ಜೊತೆ ವಿದ್ಯಾರ್ಥಿಗಳು ಸೇರಲಿ. ಸಿಕ್ಕಿದ ಅಂಕಿಗಳನ್ನು ನಕ್ಷೆಯ ಮೇಲೆ ಕೂರಿಸುವುದನ್ನು ಕಂಪೆನಿಯವರು ಕಲಿಸಲಿ. ಆ ನಕ್ಷೆ ಗ್ರಾಮಸಭೆಯ ಮೇಜಿನ ಮೇಲೆ ಹೋದರೆ ಯಾವ ಪಿಡಿಒ ಕೂಡ ಅದನ್ನು ಸುಮ್ಮನೆ ಬದಿಗಿಡಲಾರರು.

ಮೂರನೆಯದು ಓದು. ‘ಅಸರ್’ ಎಂಬ ಸಮೀಕ್ಷೆಯ ಬಗ್ಗೆ ಕೇಳಿರಬಹುದು. ಪ್ರಥಮ್ ಸಂಸ್ಥೆಯ ಮುಂದಾಳುತನದಲ್ಲಿ 2005ರಿಂದ ನಡೆಯುತ್ತಿದೆ. ಸ್ಥಳೀಯ ಸಂಸ್ಥೆಗಳ, ಕಾಲೇಜುಗಳ ಸ್ವಯಂಸೇವಕರೇ ಮನೆಗೆ ಹೋಗಿ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅಕ್ಷರ, ಪದ, ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಒಂದು ಕಥೆ. ಮಗು ಎಲ್ಲಿಯವರೆಗೆ ಓದುತ್ತದೆ ಅಂತ ಗುರುತು ಹಾಕುತ್ತಾರೆ, ಅಷ್ಟೇ. ಪಿಯುಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಮುಂದೆ ಅಂತ ಹೇಳಿಕೊಳ್ಳುತ್ತೇವೆ. ಸಂತೋಷವೇ. ಆದರೆ ನಮ್ಮ ಊರಿನ ಐದನೇ ತರಗತಿಯ ಎಷ್ಟು ಮಕ್ಕಳು ಎರಡನೇ ತರಗತಿಯ ಕಥೆ ಓದುತ್ತಾರೆ ಎಂಬುದು ನಮಗೆ ಗೊತ್ತುಂಟಾ? ಮನೆಯಲ್ಲಿ ಬ್ಯಾರಿ ಮಾತಾಡಿ, ಮದ್ರಸದಲ್ಲಿ ಒಂದು ಲಿಪಿ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಲಿಪಿಗಳನ್ನು ಕಲಿಯುವ ಮಗುವಿಗೆ ಪಕ್ಕದಲ್ಲಿ ಕುಳಿತು ಓದಿಸುವ ಒಬ್ಬ ಅಕ್ಕ, ಒಬ್ಬ ಅಣ್ಣ ಬೇಕು. ಸಂಜೆ ಒಂದು ಗಂಟೆ, ವಾರಕ್ಕೆ ಮೂರು ದಿನ. ಆ ಅಕ್ಕನಿಗೆ ಕಂಪೆನಿಯ ಒಬ್ಬರು ಇಂಗ್ಲಿಷ್ ಮಾತಾಡಲಿಕ್ಕೆ, ಸಂದರ್ಶನ ಎದುರಿಸಲಿಕ್ಕೆ ಕಲಿಸಲಿ. ಒಂದು ಕೈಯಿಂದ ಪಡೆದು ಇನ್ನೊಂದು ಕೈಯಿಂದ ಕೊಡುವುದು ಅಂದರೆ ಇದೇ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನೆಯದು ಗುಣಮಟ್ಟದ ಶಿಕ್ಷಣ, ಆರನೆಯದು ಶುದ್ಧ ನೀರು ಮತ್ತು ನೈರ್ಮಲ್ಯ, ಎಂಟನೆಯದು ಯೋಗ್ಯ ಉದ್ಯೋಗ. 2030 ಅದರ ಗಡುವು. ಕಂಪೆನಿಗಳ ವಾರ್ಷಿಕ ವರದಿಗಳಲ್ಲಿ ಈ ಗುರಿಗಳ ಬಣ್ಣದ ಚೌಕಗಳು ಅಚ್ಚಾಗುತ್ತವೆ. ಮೇಲೆ ಹೇಳಿದ ಮೂರು ಕೆಲಸಗಳೂ ಆ ಚೌಕಗಳೊಳಗೇ ಬರುತ್ತವೆ. ಅಂದರೆ ಕಂಪೆನಿಗೆ ಬೇಕಾದದ್ದೂ ನಮಗೆ ಬೇಕಾದದ್ದೂ ಬೇರೆ ಬೇರೆ ಅಲ್ಲ. ಅದನ್ನು ಅವರೆದುರು ಹೇಳುವವರು ಇಲ್ಲ.

ಇನ್ನು ನಮ್ಮ ತಪ್ಪುಗಳು. ಕಂಪೆನಿಯವರು ‘ನಿಮಗೇನು ಬೇಕು’ ಅಂತ ಕೇಳಿದಾಗ ನಮ್ಮ ಸಮಿತಿಗಳ ಬಾಯಿಂದ ಬರುವುದು ಕುರ್ಚಿ, ಫ್ಯಾನ್, ಶಾಮಿಯಾನ. ಸುಲಭದ್ದನ್ನೇ ಕೇಳುತ್ತೇವೆ, ಅವರೂ ಸುಲಭದ್ದನ್ನೇ ಕೊಟ್ಟು ಹೋಗುತ್ತಾರೆ. ವೇದಿಕೆಯಲ್ಲಿ ಹದಿನೈದು ಮಂದಿ ಗಣ್ಯರು, ಕೆಳಗೆ ಬಿಸಿಲಲ್ಲಿ ಮಕ್ಕಳು. ಭಾಷಣ ಮುಗಿಯುವಾಗ ಬಂದವರ ಅರ್ಧ ದಿನ ಮುಗಿದಿರುತ್ತದೆ. ಆ ಹುಡುಗಿಗೆ ಮಾತಾಡಲಿಕ್ಕೆ ಅವಕಾಶ ಸಿಗದೇ ಹೋದದ್ದು ನಾವು ಏರ್ಪಡಿಸಿದ ಸಭಾ ಕಾರ್ಯಕ್ರಮದಿಂದ ಎಂಬುದನ್ನು ಒಪ್ಪಿಕೊಳ್ಳಬೇಕು.

ಎರಡನೆಯದು, ಹೆಣ್ಣುಮಕ್ಕಳ ವಿಷಯ. ಪರೀಕ್ಷೆಯ ಫಲಿತಾಂಶ ಬಂದಾಗ ಅವರ ಫೋಟೋ ಹಾಕಿ ಹೆಮ್ಮೆಪಡುತ್ತೇವೆ. ಊರಿನ ಕೆಲಸಕ್ಕೆ ತಂಡ ಮಾಡುವಾಗ ಅವರ ಹೆಸರು ಇರುವುದಿಲ್ಲ. ಮನೆಯೊಳಗೆ ಹೋಗಿ ಉಮ್ಮಂದಿರ ಹತ್ತಿರ ಮಾತಾಡಬೇಕಾದ ಕೆಲಸ ಇದು. ಅವರಿಲ್ಲದೆ ಆಗುವುದೂ ಇಲ್ಲ. ಇಬ್ಬರು ಮೂವರು ಜೊತೆಯಾಗಿ ಹೋಗಲಿ, ಹಗಲು ಹೊತ್ತಲ್ಲಿ ಆಗಲಿ, ಮನೆಯವರಿಗೆ ಮೊದಲೇ ತಿಳಿಸಲಿ. ಮನಸ್ಸಿದ್ದರೆ ದಾರಿ ಇದೆ.

ಮೂರನೆಯದು, ಕೆಲಸ ಇಡೀ ಊರಿನದ್ದಾಗಿರಬೇಕು. ಬಾವಿ ಪರೀಕ್ಷೆ ಮಾಡುವಾಗ ಯಾರ ಮನೆಯ ಬಾವಿ ಅಂತ ನೋಡಲಿಕ್ಕಿಲ್ಲ. ಓದಿನ ಕೇಂದ್ರಕ್ಕೆ ಕೇರಿಯ ಎಲ್ಲ ಮಕ್ಕಳೂ ಬರಬೇಕು, ಓದಿಸುವವರಲ್ಲಿ ಎಲ್ಲ ಮನೆಯವರೂ ಇರಬೇಕು. ನಮ್ಮದು ಮಾತ್ರ ಅಂತ ಬೇಲಿ ಹಾಕಿಕೊಂಡರೆ ಕಂಪೆನಿಯವರು ಹಿಂಜರಿಯುವುದು ಸಹಜ, ಅದಕ್ಕಿಂತ ಹೆಚ್ಚಾಗಿ ಊರಿಗೇ ಅದು ಒಳ್ಳೆಯದಲ್ಲ. ಒಟ್ಟಿಗೆ ಕೆಲಸ ಮಾಡಿದ ಹುಡುಗರು ನಾಳೆ ಒಬ್ಬರಿಗೊಬ್ಬರು ಅಪರಿಚಿತರಾಗಿ ಉಳಿಯುವುದಿಲ್ಲ. ಈ ಜಿಲ್ಲೆಯಲ್ಲಿ ಅದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಂಪೆನಿಗಳಿಗೂ ಕೆಲವು ಮಾತು. ಪ್ರತಿ ಸಲ ಹೊಸ ನಲ್ವತ್ತು ಮಂದಿಯನ್ನು ಕಳಿಸಬೇಡಿ, ಅದೇ ಹತ್ತು ಮಂದಿಯನ್ನು ಹನ್ನೆರಡು ಸಲ ಕಳಿಸಿ. ನಮ್ಮ ವಿದ್ಯಾರ್ಥಿಗಳನ್ನು ಕುರ್ಚಿ ಜೋಡಿಸಲಿಕ್ಕೆ ಮಾತ್ರ ಕರೆಯಬೇಡಿ, ಯೋಜನೆ ಮಾಡುವ ಮೇಜಿನಲ್ಲೂ ಕೂರಿಸಿ. ಅವರ ಬಸ್ ಚಾರ್ಜು, ಊಟದ ಖರ್ಚು ನಿಮ್ಮದಾಗಲಿ, ಬಡ ಮನೆಯ ಹುಡುಗನಿಗೆ ಆ ಐವತ್ತು ರೂಪಾಯಿಯೂ ದೊಡ್ಡದು. ಪರೀಕ್ಷೆಯ ತಿಂಗಳಲ್ಲಿ ಅವರನ್ನು ಬಿಟ್ಟುಬಿಡಿ. ವರ್ಷದ ಕೊನೆಗೆ ಅವರು ಮಾಡಿದ ಕೆಲಸವನ್ನು ವಿವರಿಸುವ ಒಂದು ಪತ್ರ ಕೊಡಿ, ‘ಭಾಗವಹಿಸಿದರು’ ಎಂಬ ಒಂದು ಸಾಲಿನ ಸರ್ಟಿಫಿಕೇಟಿನಿಂದ ಯಾರಿಗೂ ಕೆಲಸ ಸಿಗುವುದಿಲ್ಲ. ಬ್ಯಾಗ್ ಹಿಡಿದು ನಿಂತ ಸಣ್ಣ ಮಕ್ಕಳ ಮುಖವನ್ನು ಜಾಹೀರಾತಿಗೆ ಬಳಸಬೇಡಿ, ಅವರಿಗೂ ಮಾನ ಇದೆ.

ಇಷ್ಟಕ್ಕೂ ಇದು ಯಾಕೆ ಅಷ್ಟು ಮುಖ್ಯ ಅಂತ ಕೇಳಬಹುದು. ನಮ್ಮ ಹುಡುಗ ಪಿಯುಸಿ ಮುಗಿಸಿದ ಕೂಡಲೇ ವೀಸಾದ ದಾರಿ ನೋಡುತ್ತಾನೆ. ಮಾವ ಕರೆದದ್ದಕ್ಕೆ, ಭಾವ ಕಳಿಸಿದ್ದಕ್ಕೆ ಹೋಗುತ್ತಾನೆ. ಕೊಲ್ಲಿಯ ದುಡಿಮೆಯಿಂದ ನಮ್ಮ ಮನೆಗಳು ಎದ್ದು ನಿಂತಿವೆ, ಅದನ್ನು ಕೀಳು ಮಾಡುವ ಮಾತೇ ಇಲ್ಲ. ಆದರೆ ತನ್ನ ಮನೆಯಿಂದ ಹತ್ತು ಕಿಲೋಮೀಟರ್ ದೂರದ ಕಂಪೆನಿಯ ಗೇಟಿನೊಳಗೆ ಹೇಗೆ ಹೋಗುವುದು ಅಂತ ಗೊತ್ತಿಲ್ಲದೆ ಎರಡು ಸಾವಿರ ಕಿಲೋಮೀಟರ್ ಆಚೆ ಹೋಗುವುದು ಬೇರೆ, ಗೊತ್ತಿದ್ದೂ ಹೋಗುವುದು ಬೇರೆ. ಆ ಗೇಟಿನೊಳಗಿರುವ ಒಬ್ಬ ಮನುಷ್ಯನ ಜೊತೆ ವರ್ಷವಿಡೀ ಒಂದು ಬಾವಿಯ ಲೆಕ್ಕ ಬರೆದ ಹುಡುಗನಿಗೆ ಆ ಗೇಟಿನ ಹೆದರಿಕೆ ಇರುವುದಿಲ್ಲ. ಯಾರನ್ನು ಕೇಳಬೇಕು, ಏನು ಓದಬೇಕು ಅಂತ ಅವನಿಗೆ ತಿಳಿದಿರುತ್ತದೆ.

ಡಿಸೆಂಬರ್ 5 ಅಂತಾರಾಷ್ಟ್ರೀಯ ಸ್ವಯಂಸೇವಕರ ದಿನ. 1985ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಘೋಷಿಸಿದ್ದು. ಆ ಹೊತ್ತಿಗೆ ಬಸ್ಸುಗಳು ಮತ್ತೆ ನಮ್ಮ ಊರುಗಳಿಗೆ ಬರಬಹುದು. ಅದಕ್ಕೆ ಮೊದಲು ಪ್ರತಿ ಊರಿನಲ್ಲಿ ಐದಾರು ಮಂದಿ ಕುಳಿತು ಒಂದು ಪಟ್ಟಿ ಮಾಡಿ. ಒಬ್ಬರು ಶಾಲೆಯ ಹೆಡ್‌ಮಾಸ್ಟರ್, ಒಬ್ಬರು ಕಾಲೇಜಿನ ಎನ್ನೆಸ್ಸೆಸ್ ಅಧಿಕಾರಿ, ಒಬ್ಬರು ಪಂಚಾಯತ್ ಸದಸ್ಯರು, ಕನಿಷ್ಠ ಇಬ್ಬರು ವಿದ್ಯಾರ್ಥಿಗಳು, ಅವರಲ್ಲಿ ಒಬ್ಬಳು ಹುಡುಗಿ. ಊರಿನ ಕೆಲಸ ಯಾವುದು, ಎಷ್ಟು ವಾರ ಬೇಕು, ನಮ್ಮ ಕಡೆಯಿಂದ ಯಾರು ಮಾಡುತ್ತಾರೆ, ಕಂಪೆನಿಯಿಂದ ಏನು ಕಲಿಯಬೇಕು. ಒಂದೇ ಪುಟ ಸಾಕು. ಕಂಪೆನಿಯವರು ಏನು ಬೇಕು ಅಂತ ಕೇಳಿದಾಗ ಆ ಪುಟ ಕೊಡಿ. ಸಭಾ ಕಾರ್ಯಕ್ರಮವನ್ನು ಹತ್ತು ನಿಮಿಷಕ್ಕೆ ಮುಗಿಸಿ.

ಆ ಹುಡುಗಿಗೆ ಕೇಳಲಿಕ್ಕೆ ಇದ್ದ ವಿಷಯ ಏನೆಂದು ಆಮೇಲೆ ನಾವು ವಿಚಾರಿಸಿದೆವು. ಎಂಜಿನಿಯರಿಂಗ್‌ಗೆ ಫೀಸು ಕಟ್ಟಲಿಕ್ಕೆ ಆಗದಿದ್ದರೆ ಬಿಸಿಎ ಓದಿಯೂ ಅಂತಹ ಕಂಪೆನಿಗೆ ಸೇರಬಹುದಾ ಅಂತ. ಇಷ್ಟೇ. ಬಸ್ಸಿನಲ್ಲಿ ಬಂದಿದ್ದ ಯಾರಾದರೂ ಎರಡು ನಿಮಿಷದಲ್ಲಿ ಹೇಳಬಹುದಾಗಿದ್ದ ಉತ್ತರ. ಮುಂದಿನ ಸಲ ಬಸ್ಸು ಬಂದಾಗ ಅವಳಿಗೆ ಸಾರಿನ ಸೌಟು ಕೊಡಬೇಡಿ, ಅವರ ಪಕ್ಕದಲ್ಲಿ ಒಂದು ಕುರ್ಚಿ ಕೊಡಿ.